ಗಿರೋನಾದ ಕೋಟೆಗೋಡೆ: ಮೂಲದ್ದೆಷ್ಟು, ಮತ್ತೆ ಕಟ್ಟಿದ್ದೆಷ್ಟು?

ಪ್ರಶ್ನೆ (ಚಿತ್ರದುರ್ಗದಿಂದ):
ಸ್ಪೇನಿನ ಈಶಾನ್ಯದಲ್ಲಿರುವ ಗಿರೋನಾ ನಗರದಲ್ಲಿ ಕೋಟೆಗೋಡೆಯ ಮೇಲೆಯೇ ಜನ ಓಡಾಡುತ್ತಾರೆ. ನಮ್ಮಲ್ಲಿ ಬೆಟ್ಟದ ಮೇಲಿನ ಸುತ್ತುಗಳು ಗಟ್ಟಿಯಾಗಿ ನಿಂತಿದ್ದರೂ ಊರೊಳಗಿನ ಕೆಳಸುತ್ತುಗಳ ಗೋಡೆ ಮನೆಗಳ ಸಂದಿಯಲ್ಲಿ ತುಂಡುತುಂಡಾಗಿ ಕಾಣುತ್ತದೆ. ಜನವಸತಿಯ ನಡುವಿನ ಗೋಡೆಯನ್ನು ಅಲ್ಲಿಯವರು ಹೇಗೆ ಉಳಿಸಿಕೊಂಡರು? ಈಗ ಕಾಣುವುದೆಲ್ಲವೂ ಹಳೆಯ ಗೋಡೆಯೇ?

ಉತ್ತರ 1 (ದಾವಣಗೆರೆಯಿಂದ):
ಎಲ್ಲವೂ ಹಳೆಯದಲ್ಲ. ಕ್ರಿ.ಪೂ. 1ನೆಯ ಶತಮಾನದಲ್ಲಿ ರೋಮನ್ನರು ಗುಡ್ಡದ ಇಳಿಜಾರಿನಲ್ಲಿ ತ್ರಿಕೋನಾಕಾರದ ಗೋಡೆ ಕಟ್ಟಿದರು. ಅದರ ಬೃಹತ್ ಕಲ್ಲುಗಳನ್ನೇ ತಳಪಾಯವಾಗಿಟ್ಟುಕೊಂಡು ಮುಂದಿನವರು ಗೋಡೆಯನ್ನು ಎತ್ತರಿಸಿದರು, 14ನೆಯ ಶತಮಾನದಲ್ಲಿ ಊರು ಬೆಳೆದಂತೆ ಹೊಸ ಗೋಡೆ ಸೇರಿತು. ಉಳಿವಿನ ಕಾರಣ ಮಾತ್ರ ನಾವು ಊಹಿಸುವಂತಹುದಲ್ಲ. ಒನ್ಯಾರ್ ನದಿಯಾಚೆಯ ಸಮತಟ್ಟಾದ ಮೆರ್ಕಡಾಲ್ ಭಾಗದ ಗೋಡೆಯನ್ನು, ನಗರ ವಿಸ್ತರಣೆಗೆಂದು, 19ನೆಯ ಶತಮಾನದ ಕೊನೆಯಿಂದ ಕೆಡವಲಾಯಿತು. ಪೂರ್ವದ ಇಳಿಜಾರಿನತ್ತ ಊರು ಅಷ್ಟಾಗಿ ಹರಡಲಿಲ್ಲವಾದ್ದರಿಂದ ಅಲ್ಲಿಯ ಗೋಡೆ ಬಹುಮಟ್ಟಿಗೆ ಉಳಿಯಿತು. ನಡುವೆ ಬಿದ್ದುಹೋಗಿದ್ದ ಕಡೆಗಳಲ್ಲಿ ಮತ್ತೆ ಕಟ್ಟಿ ಜೋಡಿಸಿದ ಮೇಲೆಯೇ ಅದು ಇಂದಿನ ನಡೆದಾರಿಯಾದದ್ದು.

ಉತ್ತರ 2 (ಚಿತ್ರದುರ್ಗದಿಂದ):
ಯುದ್ಧದ ಹಾನಿಯನ್ನೂ ಇದಕ್ಕೆ ಸೇರಿಸಬೇಕು. 1809ರ ಮೇ ತಿಂಗಳಿನಿಂದ ಡಿಸೆಂಬರ್‌ವರೆಗೆ ನೆಪೋಲಿಯನ್ನನ ಸೇನೆ ಗಿರೋನಾವನ್ನು ಮುತ್ತಿತ್ತು. ಜನರಲ್ ಆಲ್ವರೆಸ್ ದೆ ಕಾಸ್ತ್ರೊ ಮುಂದಾಳತ್ವದಲ್ಲಿ ಊರಿನವರು ಸುಮಾರು ಏಳು ತಿಂಗಳು ತಡೆದು ನಿಂತರು. ಕೊನೆಗೆ ಅವರನ್ನು ಮಣಿಸಿದ್ದರಲ್ಲಿ ಫಿರಂಗಿಗಳಷ್ಟೇ ಪಾಲು ಹಸಿವು ಮತ್ತು ರೋಗಗಳದ್ದು. ಗೋಡೆಯ ಎತ್ತರದ ತುದಿಯಲ್ಲಿದ್ದ ಜಿರೋನೆಲ್ಲಾ ಗೋಪುರ ಆ ಯುದ್ಧದ ಕಾಲದಲ್ಲಿ ಧ್ವಂಸವಾಗಿ, ಇಂದಿಗೂ ಅವಶೇಷವಾಗಿಯೇ ಇದೆ. 1779ರಲ್ಲಿ ಹೈದರಾಲಿಯ ವಶವಾದ ನಮ್ಮ ದುರ್ಗಕ್ಕೆ ಹೆಬ್ಬಂಡೆಗಳೇ ಅರ್ಧ ಗೋಡೆಯಾಗಿದ್ದವು, ಮಳೆನೀರು ಹಿಡಿದಿಡುವ ಹೊಂಡಗಳಿದ್ದವು. ಆದ್ದರಿಂದ ಬೆಟ್ಟದ ಮೇಲಿನ ಕೋಟೆಯನ್ನಲ್ಲ, ರಂಗಯ್ಯನ ಬಾಗಿಲಿನ ಆಸುಪಾಸಿನ ಊರುಗೋಡೆಯನ್ನು ಗಿರೋನಾದೊಂದಿಗೆ ಹೋಲಿಸುವುದು ನ್ಯಾಯ.

ಉತ್ತರ 3 (ದಾವಣಗೆರೆಯಿಂದ):
ಈ ಹೋಲಿಕೆಯನ್ನು ಒಪ್ಪುತ್ತೇನೆ, ಆದರೆ ನಮ್ಮಲ್ಲೂ ಹಾಗೆಯೇ ಮತ್ತೆ ಕಟ್ಟುವ ಮಾತಿಗೆ ಅವಸರ ಬೇಡ. ಗಿರೋನಾದ ಪೂರ್ವದ ಇಳಿಜಾರಿನಲ್ಲಿ ಗೋಡೆ ಬಹುಮಟ್ಟಿಗೆ ನಿಂತಿತ್ತು, ಕಟ್ಟಿ ಜೋಡಿಸಬೇಕಾದದ್ದು ನಡುವೆ ಬಿದ್ದುಹೋಗಿದ್ದ ಭಾಗಗಳನ್ನು ಮಾತ್ರ. ದುರ್ಗದ ಕೆಳಸುತ್ತುಗಳಲ್ಲಿ ಉಳಿದಿರುವುದೇ ಬಿಡಿ ತುಂಡುಗಳು; ಅವುಗಳ ನಡುವೆ ಹೊಸ ಗೋಡೆ ಎಬ್ಬಿಸಿದರೆ ಹಳೆಯದು ಯಾವುದೆಂದು ಮುಂದಿನವರಿಗೆ ಗುರುತೇ ಸಿಗದು, ಅಲ್ಲಿ ವಾಸವಿರುವ ಕುಟುಂಬಗಳನ್ನೂ ಎಬ್ಬಿಸಬೇಕಾದೀತು. ಪ್ರತಿಯೊಂದು ತುಂಡನ್ನೂ ಅಳೆದು, ಚಿತ್ರ ತೆಗೆದು, ಬೀದಿವಾರು ನಕ್ಷೆಯಲ್ಲಿ ಗುರುತಿಸುವ ಕೆಲಸ ಮೊದಲಾಗಲಿ. ಅದಕ್ಕೆ ಮನೆಯವರ ಒಪ್ಪಿಗೆ ಬೇಕು, ಆದರೆ ಅದನ್ನು ಈ ವರ್ಷವೇ ಆರಂಭಿಸಬಹುದು.