ಸಹಾಯ ಬೇಕು: ಮೂರನೇ ಲೆವೆಲ್ ಬಾರ್ಡ್‌ಗೆ ಯಾವ ಕಾಲೇಜು?

ನಮಸ್ಕಾರ. ಕುಂಬಳೆಯಲ್ಲಿ ನಾವು ನಾಲ್ಕು ಜನ ಆದಿತ್ಯವಾರ ಡಂಜನ್ಸ್ ಅಂಡ್ ಡ್ರಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಹಾಕಿ ಆಡುವ ಕಥೆಯಾಟ) ಆಡುವುದುಂಟು, 2014ರ ನಿಯಮದಲ್ಲಿ. ಒಬ್ಬ ಡಿಎಂ (ಆಟ ನಡೆಸುವವ), ಒಬ್ಬ ಫೈಟರ್ (ಯೋಧ), ಒಬ್ಬ ರೋಗ್ (ಕಳ್ಳ), ನಾನು ಬಾರ್ಡ್ (ಮಂತ್ರ ಬಲ್ಲ ಹಾಡುಗಾರ). ನನಗೆ ಎಲ್ಲ ಕ್ಲಾಸ್‌ಗಳಿಗಿಂತ ಬಾರ್ಡೇ ಇಷ್ಟ. ತೆಂಕುತಿಟ್ಟಿನ ಯಕ್ಷಗಾನ ಆಟ ನೋಡಿಯೇ ಬೆಳೆದವ ನಾನು. ಭಾಗವತರು ಜಾಗಟೆ ಹಿಡಿದು ಪದ ಎತ್ತಿದರೆ ಕುಣಿಯುವುದು ವೇಷಧಾರಿ. ಬಾರ್ಡಿಕ್ ಇನ್‌ಸ್ಪಿರೇಶನ್ (ಹುರುಪು ತುಂಬಲು ಬಾರ್ಡ್ ಕೊಡುವ ಡೈಸ್) ಕೂಡ ಹಾಗೆಯೇ, ತನಗೆ ಅಲ್ಲ, ಇನ್ನೊಬ್ಬರಿಗೇ ಕೊಡಬೇಕು.

ಈಗ ಮೂರನೇ ಲೆವೆಲ್, ಕಾಲೇಜು (ಬಾರ್ಡ್‌ನ ಒಳಪಂಗಡ) ಆರಿಸಬೇಕು: ಲೋರ್ ಅಥವಾ ವೇಲರ್. ಕರಿಸ್ಮಾ (ವರ್ಚಸ್ಸಿನ ಅಂಕ) 16, ಅದಕ್ಕೆ ಬೋನಸ್ 3, ಹಾಗಾಗಿ ಲಾಂಗ್ ರೆಸ್ಟ್‌ವರೆಗೆ (ಪಾತ್ರದ ದೀರ್ಘ ವಿಶ್ರಾಂತಿ) ಮೂರೇ ಇನ್‌ಸ್ಪಿರೇಶನ್ ಡೈಸ್. ಲೋರ್ ತೆಗೊಂಡರೆ ಕಟಿಂಗ್ ವರ್ಡ್ಸ್‌ನಿಂದ ಶತ್ರುವಿನ ಪೆಟ್ಟು ತಪ್ಪಿಸಬಹುದು, ಆದರೆ ಅದಕ್ಕೂ ಇದೇ ಮೂರು ಡೈಸ್ ಖರ್ಚು. ವೇಲರ್‌ನಲ್ಲಿ ಗುರಾಣಿ, ಮೀಡಿಯಂ ಆರ್ಮರ್ ಸಿಗುತ್ತದೆ.

ಒಂದೇ ಕಾಳಗವನ್ನು ಕಾಗದದಲ್ಲಿ ಎರಡು ರೀತಿ ಆಡಿ ನೋಡಿದೆ. ಲೋರ್‌ನಲ್ಲಿ ಎರಡನೇ ಸುತ್ತಿಗೇ ಡೈಸ್ ಖಾಲಿ. ವೇಲರ್‌ನಲ್ಲಿ ಮುಂದೆ ನಿಂತು ನಾನೇ ಬಿದ್ದೆ. ಹೀಲಿಂಗ್ ವರ್ಡ್‌ಗೂ (ಗಾಯ ವಾಸಿ ಮಾಡುವ ಮಂತ್ರ) ಇನ್‌ಸ್ಪಿರೇಶನ್‌ಗೂ ಬೋನಸ್ ಆಕ್ಷನ್ನೇ (ಮುಖ್ಯ ಕೆಲಸದ ಜೊತೆ ಮಾಡುವ ಸಣ್ಣ ಕೆಲಸ) ಬೇಕು, ಸರದಿಗೆ ಒಂದೇ ಇರುವುದು. ಐದನೇ ಲೆವೆಲ್‌ನಲ್ಲಿ ಶಾರ್ಟ್ ರೆಸ್ಟ್‌ಗೂ ಡೈಸ್ ವಾಪಸ್ ಬರುತ್ತದೆ, ಅಲ್ಲಿವರೆಗೆ ಹೇಗೆ ಸುಧಾರಿಸುವುದು ಎಂದೇ ತಲೆಬಿಸಿ.

ಬಾರ್ಡ್ ಆಡಿದವರು ದಯವಿಟ್ಟು ಹೇಳಿ: ಕ್ಲೆರಿಕ್ (ಗಾಯ ವಾಸಿ ಮಾಡುವ ಪುರೋಹಿತ) ಇಲ್ಲದ ಮೂವರ ತಂಡಕ್ಕೆ ಲೋರಾ, ವೇಲರಾ? ಲೋರ್ ಆದರೆ ಡೈಸ್ ಮೊದಲು ಫೈಟರ್‌ಗೆ ಕೊಡುವುದಾ, ಕಟಿಂಗ್ ವರ್ಡ್ಸ್‌ಗೆ ಇಟ್ಟುಕೊಳ್ಳುವುದಾ?