ಬ್ಯಾಂಕ್ ಸೈಟಿನ ಬೀಗ ಒತ್ತಿದರೆ ಆಡ್‌ಬ್ಲಾಕರ್ ಹೆಸರು ಬರ್ತಿದೆ, ಯಾಕೆ?

ತೋಟದಮನೆ, ಶಿರಸಿ:
ವಿಂಡೋಸ್ 11 ಕಂಪ್ಯೂಟರ್. ಅಪ್ಪ ಸಂಜೆ ಅಡಿಕೆಯ ಚಾಲಿ, ರಾಶಿ ರೇಟು ನೋಡಲು ಕೂತಾಗ ಸುಳ್ಳು ಡೌನ್‌ಲೋಡ್ ಬಟನ್ ಒತ್ತಿಬಿಡುತ್ತಿದ್ದರು. ಅದಕ್ಕೇ ಇಡೀ ಕಂಪ್ಯೂಟರಿಗೆ ಕೆಲಸ ಮಾಡುವ ಆಡ್‌ಬ್ಲಾಕರ್ ಹಾಕಿದೆ. ಜಾಹೀರಾತು ನಿಂತಿತು. ಆದರೆ ನಿನ್ನೆ ನೆಟ್‌ಬ್ಯಾಂಕಿಂಗ್ ತೆರೆದು, ವಿಳಾಸದ ಪಕ್ಕದ ಗುರುತು ಒತ್ತಿ, ಸೈಟು ಅಸಲಿ ಅಂತ ಹೇಳುವ ಸರ್ಟಿಫಿಕೇಟ್ ನೋಡಿದರೆ, ಕೊಟ್ಟವರು ಅನ್ನುವ ಜಾಗದಲ್ಲಿ ಆ ಬ್ಲಾಕರ್ ಹೆಸರೇ ಇದೆ. ಫೋನಿನಲ್ಲಿ ಅದೇ ಸೈಟಿಗೆ ಬೇರೆ ಹೆಸರು. ಪಾಸ್‌ವರ್ಡ್ ಕದ್ದರಾ?

ಕಾಳಿದಂಡೆ, ಕಾರವಾರ:
ಗಾಬರಿ ಬೇಡ ಮಾರಾಯ್ರೆ. ಕದ್ದಿದ್ದಾರೆ ಅಂತ ಅರ್ಥ ಅಲ್ಲ, ಅದು ಕೆಲಸ ಮಾಡುವುದೇ ಹಾಗೆ. ಎಚ್‌ಟಿಟಿಪಿಎಸ್ ಪುಟದ (ದಾರಿಯಲ್ಲಿ ಬೇರೆಯವರು ಓದದಂತೆ ಮುಚ್ಚಿ ಬರುವ ಪುಟ) ಒಳಗಿನ ಜಾಹೀರಾತು ತೆಗೆಯಬೇಕು ಅಂದರೆ ಪುಟವನ್ನು ಬಿಚ್ಚಿ ಓದಲೇಬೇಕು, ಹಾಗಾಗಿ ತನ್ನದೊಂದು ರೂಟ್ ಸರ್ಟಿಫಿಕೇಟನ್ನು (ಇದು ಇದ್ದರೆ ಅದರ ಮುದ್ರೆ ಇರುವ ಸರ್ಟಿಫಿಕೇಟನ್ನೆಲ್ಲ ಕಂಪ್ಯೂಟರ್ ನಂಬುತ್ತದೆ) ವಿಂಡೋಸಿಗೆ ಸೇರಿಸಿ, ಬ್ಯಾಂಕಿನಿಂದ ಬಂದ ಲಕೋಟೆ ಒಡೆದು, ಓದಿ, ತನ್ನ ಮುದ್ರೆ ಒತ್ತಿ ಬ್ರೌಸರಿಗೆ ಕೊಡುತ್ತದೆ. ಇದೆಲ್ಲ ನಿಮ್ಮ ಕಂಪ್ಯೂಟರಿನೊಳಗೇ ನಡೆಯುತ್ತದೆ. ಆದರೂ ಪಾಸ್‌ವರ್ಡ್ ಅದರ ಕೈ ದಾಟಿಯೇ ಹೋಗಬೇಕು. ದೊಡ್ಡ ಬ್ಯಾಂಕುಗಳನ್ನು ಕೆಲವು ಬ್ಲಾಕರ್‌ಗಳು ತಾವೇ ಬಿಟ್ಟುಬಿಡುತ್ತವೆ, ನಿಮ್ಮದು ಸಹಕಾರಿ ಬ್ಯಾಂಕ್ ಇರಬೇಕು, ಆ ಪಟ್ಟಿಯಲ್ಲಿ ಇರಲಿಕ್ಕಿಲ್ಲ.

2015ರಲ್ಲಿ ಸುದ್ದಿಯಾದ ಸೂಪರ್‌ಫಿಶ್ ಅನ್ನುವ ಸಾಫ್ಟ್‌ವೇರ್ ನೆನಪಿದೆಯಾ? ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ಹಾಕಿ ಕೊಟ್ಟಿದ್ದರು. ಜಾಹೀರಾತು ತುರುಕಲು ಇದೇ ದಾರಿ ಹಿಡಿದಿತ್ತು. ಮುದ್ರೆ ಒತ್ತುವ ಗುಟ್ಟಿನ ಕೀಲಿ ಎಲ್ಲ ಲ್ಯಾಪ್‌ಟಾಪಿಗೂ ಒಂದೇ! ಅದು ಬಯಲಾದ ಮೇಲೆ ಅದೇ ವೈಫೈಯಲ್ಲಿ ಕೂತವರು ಬ್ಯಾಂಕ್ ಸೈಟಿನ ವೇಷ ಹಾಕಬಹುದಿತ್ತು. ಒಳ್ಳೆ ಬ್ಲಾಕರ್‌ಗಳು ಪ್ರತಿ ಕಂಪ್ಯೂಟರಿಗೂ ಬೇರೆ ಕೀಲಿ ಮಾಡುತ್ತವೆ, ನಿಜ. ಆದರೂ ಜಾಹೀರಾತು ತಪ್ಪಿಸಲು ಇಷ್ಟು ಬಿಟ್ಟುಕೊಡುವುದು ಜಾಸ್ತಿ ಆಯ್ತು ಅಂತಲೇ ನನ್ನ ಅಭಿಪ್ರಾಯ.

ಬ್ಲಾಕರಿನ ಸೆಟ್ಟಿಂಗ್ಸ್‌ನಲ್ಲಿ ಎಚ್‌ಟಿಟಿಪಿಎಸ್ ಫಿಲ್ಟರಿಂಗ್ ಈಗಲೇ ಆಫ್ ಮಾಡಿ. ಬ್ಲಾಕರ್ ತೆಗೆದು ಫೈರ್‌ಫಾಕ್ಸ್‌ಗೆ, ಬ್ರೌಸರಿನೊಳಗೇ ಕೆಲಸ ಮಾಡುವ ಯುಬ್ಲಾಕ್ ಆರಿಜಿನ್ ಬ್ಲಾಕರ್ ಹಾಕಿದರೆ ಇನ್ನೂ ಒಳ್ಳೆಯದು. ಅದೂ ಪುಟ ಓದುತ್ತದೆ, ಆದರೆ ಸರ್ಟಿಫಿಕೇಟ್ ಮುಟ್ಟುವುದಿಲ್ಲ, ಕೋಡ್ ಎಲ್ಲರಿಗೂ ತೆರೆದಿದೆ. ಉಳಿದ ಆಪ್‌ಗಳಿಗೆ ಹೋಸ್ಟ್ಸ್ ಫೈಲ್ (ತಡೆಯಬೇಕಾದ ಸೈಟುಗಳ ಹೆಸರು ಬರೆದಿಡುವ ವಿಂಡೋಸಿನ ಫೈಲು) ಸಾಕು.

ತೋಟದಮನೆ:
ಹೋಸ್ಟ್ಸ್ ಯಾಕೆ, ಜಾಹೀರಾತು ತಡೆಯುವ ಡಿಎನ್‌ಎಸ್ (ಸೈಟಿನ ಹೆಸರು ಕೊಟ್ಟರೆ ನೆಟ್ ವಿಳಾಸ ಹುಡುಕಿಕೊಡುವ ಸೇವೆ) ಸುಲಭ ಅಲ್ವಾ?

ಕಾಳಿದಂಡೆ:
ಸುಲಭ ಹೌದು. ಆದರೆ ನೀವು ಯಾವ ಯಾವ ಸೈಟಿಗೆ ಹೋದಿರಿ ಅನ್ನುವುದು ಆ ಡಿಎನ್‌ಎಸ್ ನಡೆಸುವವರಿಗೆ ಗೊತ್ತಾಗುತ್ತದೆ. ಹೋಸ್ಟ್ಸ್ ಪಟ್ಟಿ ನಿಮ್ಮ ಡಿಸ್ಕಿನಲ್ಲೇ ಇರುತ್ತದೆ. ಎರಡರಿಂದಲೂ ಯೂಟ್ಯೂಬ್ ಜಾಹೀರಾತು ನಿಲ್ಲದು, ಅದು ವಿಡಿಯೊ ಬರುವ ಜಾಗದಿಂದಲೇ ಬರುತ್ತದೆ.

ತೋಟದಮನೆ:
ಆಯ್ತು ಅಣ್ಣ. ಬ್ಲಾಕರ್ ತೆಗೆದ ಮೇಲೂ ವಿಂಡೋಸಿನ ಟ್ರಸ್ಟೆಡ್ ರೂಟ್ ಪಟ್ಟಿಯಲ್ಲಿ ಅದರ ಹೆಸರು ಉಳಿದಿತ್ತು, ಹುಡುಕಿ ಅಳಿಸಿದೆ. ಈಗ ಫೋನಿನಲ್ಲಿದ್ದ ಹೆಸರೇ ಇಲ್ಲೂ ಬಂತು. ಪಾಸ್‌ವರ್ಡ್ ಕೂಡ ಬದಲಿಸಿದೆ.