ಗಾಂಧೀಜಿ ಓದಿದ ರಾಜ್‌ಕೋಟ್ ಹೈಸ್ಕೂಲು ಈಗ ಮ್ಯೂಸಿಯಂ: ಕಟ್ಟಡ ಹಳೇದೇನಾ? ಶಾಲೆ ಯಾಕೆ ಮುಚ್ಚಿದರು?

ಮೇಷ್ಟ್ರ ಮಗಳು
ಎಲ್ಲರಿಗೂ ನಮಸ್ಕಾರ. ನಾನು ಅಹಮದಾಬಾದಿನಲ್ಲಿ ಕೆಲಸದಲ್ಲಿದ್ದೇನೆ. ಮುಂದಿನ ತಿಂಗಳು ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ಸಾಬರಮತಿ ಆಶ್ರಮಕ್ಕೂ ಮೊದಲು ರಾಜ್‌ಕೋಟ್‌ನ ಶಾಲೆ ನೋಡಬೇಕು ಅಂತ ಹಟ ಹಿಡಿದಿದ್ದಾರೆ. ಗಾಂಧೀಜಿ ಹೈಸ್ಕೂಲ್ ಓದಿದ್ದು ಅಲ್ಲೇ ಅಲ್ವಾ? ಈಗ ಅಲ್ಲಿ ತರಗತಿ ನಡೆಯೋಲ್ಲ, ಮ್ಯೂಸಿಯಂ ಆಗಿದೆ ಅಂತ ಗೊತ್ತಾಯಿತು. ಕಟ್ಟಡ ಆಗಿನದ್ದೇನಾ ಇಲ್ಲ ಕೆಡವಿ ಹೊಸದು ಕಟ್ಟಿದ್ದಾರಾ? ಅಷ್ಟು ಹಳೇ ಶಾಲೆ ಮುಚ್ಚಿದ್ದು ಯಾಕೆ? ಅಪ್ಪ ಈ ಎರಡನ್ನೂ ಕೇಳೇ ಕೇಳುತ್ತಾರೆ.

ಸೌರಾಷ್ಟ್ರದಲ್ಲೊಬ್ಬ ಕನ್ನಡಿಗ
ಕಟ್ಟಡ ಆಗಿನದ್ದೇ, ಅನುಮಾನ ಬೇಡ. ಶಾಲೆ ಶುರುವಾಗಿದ್ದು 1853ರಲ್ಲಿ. ಸೌರಾಷ್ಟ್ರದ ಮೊದಲ ಇಂಗ್ಲಿಷ್ ಶಾಲೆ ಅದು. ಈಗ ಕಾಣುವ ಕಲ್ಲಿನ ಕಟ್ಟಡ, ಆ ಚೂಪು ಕಮಾನುಗಳದ್ದು, 1875ರದ್ದು. ಕಟ್ಟಿಸಿದವರು ಜುನಾಗಢದ ನವಾಬರು, ಹೆಸರು ಮಾತ್ರ ವಿಕ್ಟೋರಿಯಾ ರಾಣಿಯ ಮಗ ಆಲ್ಫ್ರೆಡ್‌ನದ್ದು. ಅದರಿಂದಲೇ ಆಲ್ಫ್ರೆಡ್ ಹೈಸ್ಕೂಲ್. ಸ್ವಾತಂತ್ರ್ಯ ಬಂದ ಮೇಲೆ ಮೋಹನದಾಸ ಗಾಂಧಿ ಹೈಸ್ಕೂಲ್ ಅಂತ ಬದಲಾಯಿಸಿದರು. ಗಾಂಧೀಜಿ ಮೆಟ್ರಿಕ್ ಪಾಸಾಗಿದ್ದು 1887ರಲ್ಲಿ, ಅಂದರೆ ಅವರು ಓದುವಾಗ ಈ ಗೋಡೆಗಳಿಗೆ ಇನ್ನೂ ಹೊಸತನ ಇತ್ತು.

ಮುಚ್ಚಿದ್ದು 2017ರಲ್ಲಿ. ಕೊನೆಗೆ ಉಳಿದಿದ್ದು 125 ಮಕ್ಕಳು, ಗುಜರಾತಿ ಮಾಧ್ಯಮ, ಹತ್ತನೇ ತರಗತಿ ಫಲಿತಾಂಶವೂ ಚೆನ್ನಾಗಿರಲಿಲ್ಲ. ಮಕ್ಕಳಿಗೆ ಟಿಸಿ ಕೊಟ್ಟು ಬೇರೆ ಶಾಲೆಗೆ ಸೇರಿಸಿದರು. ಆಮೇಲೆ ನಗರಪಾಲಿಕೆ ಸುಮಾರು 26 ಕೋಟಿ ರೂಪಾಯಿ ಹಾಕಿ ಮ್ಯೂಸಿಯಂ ಮಾಡಿತು. 2018ರ ಸೆಪ್ಟೆಂಬರ್ 30ಕ್ಕೆ ಪ್ರಧಾನಿ ಮೋದಿ ಬಂದು ಉದ್ಘಾಟನೆ ಮಾಡಿದರು.

ಹಿಂದಿನ ಬೆಂಚು
ಕಟ್ಟಡ ಉಳಿಸಿದ್ದು ಒಳ್ಳೇದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಾಲೆ ಮುಚ್ಚಿದ್ದು ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಫಲಿತಾಂಶ ಕೆಟ್ಟಿದ್ದರೆ ಒಳ್ಳೇ ಮೇಷ್ಟ್ರನ್ನು ಹಾಕಬೇಕಿತ್ತು. ಅಷ್ಟು ದೊಡ್ಡ ಕಟ್ಟಡದಲ್ಲಿ ಒಂದು ಭಾಗ ಮ್ಯೂಸಿಯಂ ಮಾಡಿ ಇನ್ನೊಂದು ಕಡೆ ನಾಲ್ಕು ತರಗತಿ ನಡೆಸಿದ್ದರೆ ಏನಾಗುತ್ತಿತ್ತು? ಬಡವರ ಮಕ್ಕಳು ಊರಿನ ನಟ್ಟನಡುವೆ, ಗಾಂಧಿ ಕೂತ ಜಾಗದಲ್ಲಿ ಓದುತ್ತಿದ್ದರು. ಆ ಹೆಮ್ಮೆಯನ್ನು ಯಾವ ಗ್ಯಾಲರಿಯೂ ಕೊಡೋಲ್ಲ.

ಸೌರಾಷ್ಟ್ರದಲ್ಲೊಬ್ಬ ಕನ್ನಡಿಗ
ನಿಮ್ಮ ಸಂಕಟ ಅರ್ಥವಾಗುತ್ತದೆ, ಶಾಲೆ ಉಳಿಯಬೇಕಿತ್ತು ಅಂತ ನನಗೂ ಆಸೆ ಇತ್ತು. ಆದರೆ ಅಷ್ಟು ಹಳೇ ಕಟ್ಟಡದ ರಿಪೇರಿ ಒಂದು ಸರ್ಕಾರಿ ಶಾಲೆಯ ಬಜೆಟ್‌ನಲ್ಲಿ ಆಗೋ ಕೆಲಸ ಅಲ್ಲ. ಸುಮ್ನೆ ಬಿಟ್ಟಿದ್ದರೆ ಇನ್ನಷ್ಟು ಹಾಳಾಗುತ್ತಿತ್ತು.

ಪುಸ್ತಕದ ಹುಳ
ಮೇಡಂ, ಹೋಗೋಕೆ ಮುಂಚೆ ಗಾಂಧೀಜಿ ಆತ್ಮಕಥೆಯ ಶಾಲೆಯ ಅಧ್ಯಾಯಗಳನ್ನು ನೀವೂ ಅಪ್ಪನೂ ಓದಿಕೊಳ್ಳಿ. ಒಳಗೆ ಇರುವ ಸ್ಕ್ರೀನು, ಫೋಟೋ, ಫಲಕ ಎಲ್ಲ ಪೂರ್ತಿ ಬದುಕಿನದ್ದು: ದಕ್ಷಿಣ ಆಫ್ರಿಕಾ, ದಂಡಿ, ಎಲ್ಲಾನೂ ಇದೆ. ಅದು ಬೇರೆ ಊರಲ್ಲೂ ಸಿಗುತ್ತದೆ. ಈ ಶಾಲೆಯದ್ದೇ ಅನ್ನೋ ಕಥೆ ಆ ಅಧ್ಯಾಯಗಳಲ್ಲಿದೆ.

ಹೆಡ್‌ಮಾಸ್ಟರ್ ದೊರಾಬ್ಜಿ ಎದುಲ್ಜಿ ಗಿಮಿ, ಪಾರ್ಸಿಯವರು, ಮೇಲಿನ ತರಗತಿಯವರಿಗೆ ಕಸರತ್ತು, ಕ್ರಿಕೆಟ್ ಕಡ್ಡಾಯ ಮಾಡಿದ್ದರು. ಹುಡುಗ ಮೋಹನದಾಸನಿಗೆ ಎರಡೂ ಬೇಡ, ಸಂಜೆ ಕಾಯಿಲೆ ಬಿದ್ದ ತಂದೆಯ ಸೇವೆಗೆ ಮನೆಗೆ ಓಡಬೇಕು. ಒಂದು ಶನಿವಾರ ಶಾಲೆ ಬೆಳಗ್ಗೆ ಇತ್ತು, ಕಸರತ್ತಿಗೆ ಸಂಜೆ ನಾಲ್ಕಕ್ಕೆ ಮತ್ತೆ ಬರಬೇಕು. ಕೈಯಲ್ಲಿ ಗಡಿಯಾರ ಇಲ್ಲ, ಮೋಡ ಬೇರೆ ಕವಿದಿತ್ತು, ಹೊತ್ತು ತಿಳಿಯಲಿಲ್ಲ. ಹೋಗೋ ಹೊತ್ತಿಗೆ ಎಲ್ಲರೂ ಹೊರಟು ಹೋಗಿದ್ದರು. ಮಾರನೇ ದಿನ ಗಿಮಿ ಹಾಜರಿ ನೋಡಿ ಕೇಳಿದರು, ಹುಡುಗ ಇದ್ದದ್ದು ಇದ್ದ ಹಾಗೇ ಹೇಳಿದ. ಅವರು ನಂಬಲಿಲ್ಲ. ಒಂದೋ ಎರಡೋ ಆಣೆ ದಂಡ. ದುಡ್ಡು ಹೋಯಿತಲ್ಲ ಅಂತಲ್ಲ, ಸುಳ್ಳುಗಾರ ಅನ್ನಿಸಿಕೊಂಡೆ ಅಂತ ಅತ್ತುಬಿಟ್ಟ. ಕೊನೆಗೆ ಆ ದಂಡ ಮಾಫಿ ಆಯಿತು.

ಓದಿನಲ್ಲೂ ಅಷ್ಟೇ. ನಾಲ್ಕನೇ ತರಗತಿಯಿಂದ ಪಾಠ ಇಂಗ್ಲಿಷಿಗೆ ತಿರುಗಿದಾಗ ರೇಖಾಗಣಿತ ತಲೆಗೆ ಹತ್ತಲಿಲ್ಲ, ಹಿಂದಿನ ತರಗತಿಗೇ ವಾಪಸ್ ಹೋಗಿಬಿಡೋಣ ಅನ್ನಿಸಿತ್ತು. ಯೂಕ್ಲಿಡ್‌ನ 13ನೇ ಪ್ರಮೇಯಕ್ಕೆ ಬಂದಾಗ ಇದ್ದಕ್ಕಿದ್ದಂತೆ ಹೊಳೆಯಿತಂತೆ. ಸಂಸ್ಕೃತ ಕಷ್ಟ ಅಂತ ಪರ್ಷಿಯನ್ ಭಾಷೆಯ ತರಗತಿಗೆ ಹೋಗಿ ಕೂತಾಗ ಸಂಸ್ಕೃತದ ಕೃಷ್ಣಶಂಕರ ಮೇಷ್ಟ್ರು ಬೈಯಲಿಲ್ಲ, ಕಷ್ಟವಿದ್ದರೆ ನನ್ನ ಹತ್ತಿರ ಬಾ ಅಂತ ಕರೆದು ವಾಪಸ್ ಕೂರಿಸಿಕೊಂಡರು. ಗಾಂಧೀಜಿ ಆತ್ಮಕಥೆಯಲ್ಲಿ ಅವರನ್ನು ಕೃತಜ್ಞತೆಯಿಂದ ನೆನೆದಿದ್ದಾರೆ. ಮೇಷ್ಟ್ರಾಗಿದ್ದವರಿಗೆ ಇದು ಖಂಡಿತ ಇಷ್ಟವಾಗುತ್ತದೆ.

ಮೇಷ್ಟ್ರ ಮಗಳು
ಓದುತ್ತಾ ಕಣ್ಣು ತುಂಬಿತು. ಅಪ್ಪನಿಗೆ ಈಗಲೇ ಫೋನ್ ಮಾಡಿ ಹೇಳಿದೆ. ಹೋಗಿ ಬಂದವರು ಒಂದು ವಿಷಯ ಹೇಳಿ: ಅದೊಂದನ್ನೇ ನೋಡೋಕೆ ಅಷ್ಟು ದೂರ ಹೋಗಬೇಕಾ, ಬೇರೆ ಏನಾದರೂ ಇದೆಯಾ?

ಸೌರಾಷ್ಟ್ರದಲ್ಲೊಬ್ಬ ಕನ್ನಡಿಗ
ಒಂದು ರಾತ್ರಿ ಉಳಿಯೋ ಹಾಗೆ ಬನ್ನಿ. ಅಹಮದಾಬಾದಿನಿಂದ ಇನ್ನೂರು ಕಿಲೋಮೀಟರ್ ದಾಟುತ್ತದೆ, ಹಿರಿಯರಿಗೆ ಅವತ್ತೇ ವಾಪಸ್ ಅಂದರೆ ಸುಸ್ತು. ಶಾಲೆ ಇರೋದು ಜವಾಹರ್ ರೋಡಿನಲ್ಲಿ, ಎದುರಿನ ಜುಬಿಲಿ ಗಾರ್ಡನ್‌ನಲ್ಲಿ ವಾಟ್ಸನ್ ಮ್ಯೂಸಿಯಂ ಇದೆ. ಅದು ಹಳೇ ಕಾಲದ ಮ್ಯೂಸಿಯಂ, ಸಮಯ ಉಳಿದರೆ ನೋಡಿ. ಬಿಡಬಾರದ್ದು ಗಾಂಧೀಜಿಯ ತಂದೆ ಕಬಾ ಗಾಂಧಿಯವರ ಮನೆ, ಘೀ ಕಾಂಟಾ ರಸ್ತೆಯಲ್ಲಿ, ಊರವರು ಕಬಾ ಗಾಂಧಿ ನೋ ಡೇಲೋ ಅನ್ನುತ್ತಾರೆ. ಆ ಹುಡುಗ ಸಂಜೆ ಓಡಿ ಬರುತ್ತಿದ್ದ ಮನೆ ಅದೇ ಊರಿನಲ್ಲಿ ಇನ್ನೂ ಇದೆ ನೋಡಿ.

ಆಮೇಲೆ ರಾಷ್ಟ್ರೀಯ ಶಾಲೆ. 1921ರಲ್ಲಿ ಅಸಹಕಾರ ಚಳವಳಿ ಕಾಲದಲ್ಲಿ ಶುರುವಾಗಿದ್ದು. 1939ರ ಮಾರ್ಚ್‌ನಲ್ಲಿ ರಾಜ್‌ಕೋಟ್ ದರ್ಬಾರು ಕೊಟ್ಟ ಮಾತಿಗೆ ತಪ್ಪಿದಾಗ ಗಾಂಧೀಜಿ ಉಪವಾಸ ಕೂತದ್ದು ಅಲ್ಲೇ. ಅಲ್ಲಿ ಪಟೋಲ ಸೀರೆ ನೇಯುತ್ತಾರೆ. ನೂಲಿಗೆ ಮೊದಲೇ ಬಣ್ಣ ಹಾಕಿಟ್ಟುಕೊಂಡು ಆಮೇಲೆ ನೇಯೋದನ್ನು ಅಮ್ಮನಿಗೆ ತೋರಿಸಿ. ಬೆಳಗ್ಗೆ ಹೋದರೆ ಮಗ್ಗದ ಮುಂದೆ ಜನ ಇರುತ್ತಾರೆ.